ಎಲ್ಲರಿಗಾಗಿ ಎಂದ ಮೇಲೆ

ಭಾನುವಾರದ ಪೂಜೆ ಮುಗಿದು ದೊಡ್ಡವರೆಲ್ಲ ಕೋಳಿ ಅಂಗಡಿಯ ಕಡೆ ಹೊರಟ ಮೇಲೆ, ಇಗರ್ಜಿಯ ಹಿಂದಿನ ಹಾಲ್‌ನಲ್ಲಿ ಹಸಿದ ಮಕ್ಕಳನ್ನು ಕೂರಿಸಿಕೊಂಡು ಧರ್ಮೋಪದೇಶ ಹೇಳಿಕೊಡುವ ಕೆಲಸಕ್ಕೆ ನಿಮ್ಮಲ್ಲಿ ಕೆಲವರು ಈ ವರ್ಷ ಸೇರಿದ್ದೀರಿ. ಸಂಬಳ ಇಲ್ಲ. ವರ್ಷಕ್ಕೊಮ್ಮೆ ಒಂದು ಸ್ಟೀಲ್ ಡಬ್ಬಿ ಕೊಡುತ್ತಾರೆ. ಅದರ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ನನ್ನ ಅಡುಗೆಮನೆಯ ಮೇಲಿನ ಹಲಗೆಯ ತುಂಬ ಅಂಥ ಡಬ್ಬಿಗಳೇ. ತೊಂಬತ್ತರ ದಶಕದ ಆರಂಭದಿಂದ ಮಂಡಿನೋವು ಬಂದು ಬಿಡುವವರೆಗೆ ನಾನು ಈ ಕೆಲಸ ಮಾಡಿದೆ. ಮನೆಯಲ್ಲಿರುವ ಹೆಂಗಸಿಗೆ ಇದೂ ಒಂದು ವೃತ್ತಿಯೇ ಎಂದು ನಮ್ಮ ಯಜಮಾನರು ಈಗಲೂ ನಗುತ್ತಾರೆ. ನಗಲಿ. ನಿವೃತ್ತಿ ಎಂಬುದು ನನಗೆ ಸಿಕ್ಕಿದ್ದು ಇದೊಂದರಿಂದಲೇ. ಅಡುಗೆಯಿಂದ ಇನ್ನೂ ಸಿಕ್ಕಿಲ್ಲ.

ತರಬೇತಿಯಲ್ಲಿ ನಿಮಗೆ ಬಣ್ಣದ ಚಾರ್ಟು ತೋರಿಸಿ ಎಲ್ಲ ಸುಲಭ ಎಂದಿರುತ್ತಾರೆ. ನಮಗೂ ಎಂದಿದ್ದರು.

ನಾನು ನರಿಕೊಂಬಿನಲ್ಲಿ ಹುಟ್ಟಿ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಪ್ರಶ್ನೆ ಒಂದು, ಉತ್ತರ ಒಂದು, ಎರಡೂ ಬಾಯಿಪಾಠ. ‘ಯೇಸು ಯಾರಿಗಾಗಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟರು?’ ‘ಎಲ್ಲ ಮನುಷ್ಯರಿಗಾಗಿ.’ ಅಷ್ಟೇ. ಕೈ ಕಟ್ಟಿ ನಿಂತು ಹೇಳಿದರೆ ಒಂದು ಚಿಕ್ಕ ಚಿತ್ರ ಸಿಗುತ್ತಿತ್ತು, ಅಂಚಿನಲ್ಲಿ ಲೇಸಿನಂತೆ ಕತ್ತರಿಸಿದ್ದು. ಆ ಚಿತ್ರದ ಆಸೆಗೆ ನಾನು ಮೋಕ್ಷದ ವಿಷಯವನ್ನೆಲ್ಲ ಕಲಿತುಬಿಟ್ಟೆ. ಮದುವೆಯಾಗಿ ತೋಡಾರಿನ ಹತ್ತಿರದ ಈ ಇಗರ್ಜಿಗೆ ಬಂದ ಮೇಲೆ, ಹಾಗೆಯೇ ಕಲಿಸಿದರೆ ಆಯಿತು ಎಂದುಕೊಂಡಿದ್ದೆ.

ಆಮೇಲೆ ಬೆಳ್ತಂಗಡಿಯಲ್ಲಿ ಒಂದು ತರಬೇತಿ ಶಿಬಿರ ನಡೆಯಿತು. ಬಾಯಿಪಾಠ ತಪ್ಪು, ಮಕ್ಕಳಿಂದಲೇ ಪ್ರಶ್ನೆ ಬರಬೇಕು ಎಂದು ಅಲ್ಲಿ ಹೇಳಿದರು. ನಮ್ಮನ್ನು ವೃತ್ತವಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿ ಕುಣಿಸಿದರು. ನನ್ನ ಪಕ್ಕದಲ್ಲಿ ಕುಣಿದ ಟೀಚರಿಗೆ ಬಿ.ಪಿ. ಇತ್ತು, ಅವರು ಗೋಡೆ ಹಿಡಿದುಕೊಂಡೇ ಕುಣಿದರು. ಮಕ್ಕಳಿಂದ ಪ್ರಶ್ನೆ ಬಂದರೆ ಉತ್ತರ ಎಲ್ಲಿಂದ ಬರಬೇಕು ಎಂದು ಮಾತ್ರ ಶಿಬಿರದಲ್ಲಿ ಯಾರೂ ಹೇಳಲಿಲ್ಲ. ನಾನು ಕೇಳಿದೆ. ‘ಅದು ನಾಳೆ’ ಎಂದರು. ಶಿಬಿರ ಅದೇ ದಿನ ಸಂಜೆ ಮುಗಿಯಿತು.

ಅಂಥ ಪ್ರಶ್ನೆ ನನ್ನ ತರಗತಿಗೆ ಬಂದದ್ದು ಲವೀನಾಳ ಬಾಯಿಂದ. ದೃಢೀಕರಣಕ್ಕೆ, ಎಂದರೆ ಬಿಷಪರು ಬಂದು ಹಣೆಗೆ ಪವಿತ್ರ ತೈಲ ಹಚ್ಚುವ ಸಂಸ್ಕಾರಕ್ಕೆ, ಸಿದ್ಧವಾಗುತ್ತಿದ್ದ ತಂಡದಲ್ಲಿ ಅವಳಿದ್ದಳು. ಎರಡು ಜಡೆ, ಒಂದು ಯಾವಾಗಲೂ ಇನ್ನೊಂದಕ್ಕಿಂತ ಮೇಲೆ. ತಾಯಿ ಹಿಲ್ಡಾ ಬೀಡಿ ಕಟ್ಟುತ್ತಿದ್ದರು. ಲವೀನಾ ಹುಟ್ಟಿದಾಗ ಹಿಲ್ಡಾರಿಗೆ ಜೋರು ಜ್ವರ ಬಂದು ಎದೆಹಾಲು ನಿಂತೇಹೋಗಿತ್ತಂತೆ. ಆಗ ಮಗುವಿಗೆ ಹಾಲು ಕೊಟ್ಟವರು ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು ಐಸಮ್ಮ. ಅವರ ಕೊನೆಯ ಮಗ ಆಗ ಕೈಗೂಸು. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರಿದ್ದ ಹಾಗೆ, ಅವರೊಳಗೆ ಮದುವೆಯೂ ಕೂಡದು ಎಂಬುದು ಅವರ ಧರ್ಮದ ನಿಯಮ. ಹಾಗಾಗಿ ಐಸಮ್ಮನಿಗೆ ಇವಳು ನಿಜವಾಗಿಯೇ ಮಗಳು. ಇವಳಿಗೆ ಅವರು ‘ಉಮ್ಮ’, ಎಂದರೆ ಅಮ್ಮ.

ಒಂದು ಭಾನುವಾರ ನಾನು ಆ ಹಳೆಯ ಪ್ರಶ್ನೆ ಕೇಳಿದೆ. ಎಲ್ಲರೂ ಒಟ್ಟಿಗೆ ಕೂಗಿದರು, “ಎಲ್ಲ ಮನುಷ್ಯರಿಗಾಗಿ!” ಲವೀನಾ ಎದ್ದು ನಿಂತಳು. (ನಮ್ಮ ಮಾತೆಲ್ಲ ಕೊಂಕಣಿ, ತುಳು, ಬ್ಯಾರಿ ಕಲಸಿಕೊಂಡದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.)

“ಟೀಚರ್, ನಮ್ಮ ಉಮ್ಮನಿಗಾಗಿಯೂ?”

“ಹೌದು ಮಗ. ಎಲ್ಲರಿಗಾಗಿ ಅಂದ ಮೇಲೆ ಅವರಿಗೂ.”

“ಹಾಗಾದ್ರೆ ಉಮ್ಮ ಸ್ವರ್ಗಕ್ಕೆ ಹೋಗ್ತಾರೆ.”

“ಅದು... ಅದನ್ನು ಹಾಗೆ ಹೇಳ್ಲಿಕ್ಕೆ ಆಗುದಿಲ್ಲ.”

“ಯಾಕೆ ಆಗುದಿಲ್ಲ?”

ಆಗ ಪಲ್ಸ್ ಪೋಲಿಯೊ ಭಾನುವಾರಗಳ ಕಾಲ. ನಮ್ಮ ಹಾಲ್‌ನಲ್ಲಿಯೇ ಬೂತು ಹಾಕುತ್ತಿದ್ದರು. ಶಿಬಿರದಲ್ಲಿ ಹೇಳಿಕೊಟ್ಟಂತೆ ದಿನನಿತ್ಯದ ಒಂದು ಉದಾಹರಣೆ ಹಿಡಿದುಕೊಂಡೆ. ಪೋಲಿಯೊ ಹನಿ ಎಲ್ಲ ಮಕ್ಕಳಿಗೂ ಬಂದಿದೆ, ಯಾರಿಗೂ ಕಡಿಮೆ ಬೀಳುವುದಿಲ್ಲ. ಆದರೆ ಬಾಯಿ ತೆರೆದವರಿಗೆ ಮಾತ್ರ ಅದರ ಗುಣ ಸಿಗುತ್ತದೆ. ಯೇಸುವಿನ ಬಲಿಯೂ ಹಾಗೆ; ನಂಬಿಕೆ ಎಂದರೆ ಬಾಯಿ ತೆರೆಯುವುದು. ಹೇಳಿ ಮುಗಿಸಿ ನನಗೆ ನನ್ನ ಮೇಲೆಯೇ ಸಂತೋಷವಾಯಿತು.

ಲವೀನಾ ಕೂರಲಿಲ್ಲ. “ಟೀಚರ್, ಯಾವ ಮಗು ಬಾಯಿ ತೆರೆಯುತ್ತದೆ? ಬೂತಿನಲ್ಲಿ ನಾನೇ ನೋಡಿದ್ದೇನೆ. ಎಲ್ಲ ಕಿರುಚುದೇ. ಉಮ್ಮ ಅವರ ಮೊಮ್ಮಗನ ಮೂಗು ಹಿಡಿದ್ರು, ಆಗ ಬಾಯಿ ತೆರೆಯಿತು. ನರ್ಸಮ್ಮ ಹನಿ ಬಿಟ್ರು. ಅವನಿಗೆ ಗುಣ ಸಿಗುದಿಲ್ವಾ ಹಾಗಾದ್ರೆ?”

ಇಡೀ ತರಗತಿ ನಕ್ಕಿತು. ಗಂಟೆ ಹೊಡೆಯಿತು. ಗಂಟೆಗೆ ನಾನು ಅಷ್ಟು ಕೃತಜ್ಞಳಾದದ್ದು ಅದಕ್ಕೆ ಮೊದಲು ಇಲ್ಲ, ಆಮೇಲೂ ಇಲ್ಲ.

ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ಮುಂದಿನ ವಾರ ನಮ್ಮ ಮೇಲ್ವಿಚಾರಕಿ ಸಿಸ್ಟರ್ ಬಂದು, ದೃಢೀಕರಣದ ದಿನ ಯಾರ್‍ಯಾರ ಹಿಂದೆ ಯಾವ ಜ್ಞಾನತಾಯಿ ನಿಲ್ಲುವುದು ಎಂದು ವಿಚಾರಿಸಿದರು. ಬಿಷಪರು ತೈಲ ಹಚ್ಚುವಾಗ ಹುಡುಗಿಯ ಬಲ ಭುಜದ ಮೇಲೆ ಕೈ ಇಟ್ಟು ನಿಲ್ಲುವವಳೇ ಜ್ಞಾನತಾಯಿ. ಅತ್ತೆ, ಚಿಕ್ಕಮ್ಮ ಎಂದು ಒಬ್ಬೊಬ್ಬಳೂ ಹೇಳಿದಳು. ಲವೀನಾ ಹೇಳಿದಳು, “ಐಸಮ್ಮ.”

ಸಿಸ್ಟರ್ ತುಂಬ ಶಿಸ್ತಿನವರು. ಅವರ ಕನ್ನಡಕಕ್ಕೆ ಕಟ್ಟಿದ್ದ ಕಪ್ಪು ದಾರ ಕೂಡ ನಡುಗಿತು. “ಜ್ಞಾನತಾಯಿ ಆಗುವವಳು ದೃಢೀಕರಣ ಪಡೆದ ಕಥೋಲಿಕಳೇ ಆಗಬೇಕು, ಗೊತ್ತುಂಟಲ್ಲ?”

“ಯೇಸು ಉಮ್ಮನಿಗಾಗಿಯೂ ಸತ್ತದ್ದು ಅಂತ ಟೀಚರ್ ಹೇಳಿದ್ದಾರೆ. ಅವರಿಗಾಗಿ ಸತ್ತದ್ದು ಹೌದಾದ್ರೆ ಅವರು ನನ್ನ ಹಿಂದೆ ನಿಲ್ಲಬಹುದು. ನಿಲ್ಲಬಾರದು ಅಂತಾದ್ರೆ ಅವರಿಗಾಗಿ ಸತ್ತದ್ದಲ್ಲ. ಒಂದು ಹೇಳಿ ಸಿಸ್ಟರ್.”

ಸಿಸ್ಟರ್ ನನ್ನ ಕಡೆ ನೋಡಿದರು. ಆ ನೋಟ ನಿಮಗೂ ಒಮ್ಮೆ ಸಿಗುತ್ತದೆ, ಸಿದ್ಧರಾಗಿರಿ.

ಲವೀನಾ ಅಂದಿನಿಂದ ತರಗತಿಗೆ ಬರುವುದನ್ನು ನಿಲ್ಲಿಸಿದಳು. ಉತ್ತರ ಸಿಗುವವರೆಗೆ ದೃಢೀಕರಣ ಬೇಡವಂತೆ. ಹಿಲ್ಡಾ ನನ್ನ ಮನೆಗೆ ಬಂದು ಸೆರಗಿನಿಂದ ಮೂಗು ಒರೆಸಿಕೊಂಡರು. “ಬಿಳಿ ಲಂಗದ ಬಟ್ಟೆ ತಂದಾಗಿದೆ ಟೀಚರ್. ಈ ಸಲ ತಪ್ಪಿದ್ರೆ ಬಿಷಪ್ ಮತ್ತೆ ಯಾವಾಗ ಬರ್ತಾರೋ! ಊರಲ್ಲಿ ಎಂಥ ಹೇಳ್ತಾರೆ? ಬ್ಯಾರ್ದಿಯ ಹಾಲು ಕುಡಿದದ್ದಕ್ಕೆ ಹೀಗಾಯ್ತು ಅಂತ ಹೇಳುದಿಲ್ವಾ? ಜೀವ ಉಳಿಸಿದವರಿಗೆ ಆ ಮಾತು ಬರ್ಲಿಕ್ಕುಂಟಾ?” ಬಿಷಪರು ಬರುವುದು ಮೇ ತಿಂಗಳಲ್ಲಿ. ಅಷ್ಟರೊಳಗೆ ಹುಡುಗಿಯನ್ನು ವಾಪಸು ತರುವುದು ನನ್ನ ತಲೆಗೆ ಬಂತು.

ಮೊದಲು ಫಾದರ್ ಹತ್ತಿರ ಹೋದೆ. ಅವರು ಪಪ್ಪಾಯಿ ಗಿಡಕ್ಕೆ ಕೋಲು ಕಟ್ಟುತ್ತಿದ್ದರು. “ಯೇಸು ಎಲ್ಲರಿಗಾಗಿ ಸತ್ತದ್ದು ನಿಜ. ಅವರು ಯಾರಿಗಾಗಿ ನೋವು ತಿನ್ನಲಿಲ್ಲವೋ ಅಂಥ ಮನುಷ್ಯ ಹಿಂದೆ ಇರ್ಲಿಲ್ಲ, ಈಗ ಇಲ್ಲ, ಮುಂದೆಯೂ ಹುಟ್ಟುದಿಲ್ಲ. ಇದು ನಮ್ಮ ಇಗರ್ಜಿಯ ಬೋಧನೆ. ಆದರೆ ಅದರ ಫಲ ಪ್ರತಿಯೊಬ್ಬರಿಗೂ ಸಿಗ್ತದಾ ಅನ್ನುದು ಬೇರೆ ಪ್ರಶ್ನೆ.”

“ಆ ಬೇರೆ ಪ್ರಶ್ನೆಯನ್ನೇ ಹುಡುಗಿ ಕೇಳ್ತಾ ಇದ್ದಾಳೆ ಫಾದರ್.”

“ಕೇಳ್ಲಿ. ಗೊತ್ತಿಲ್ಲದವರನ್ನು ದೇವರು ಗೊತ್ತಿಲ್ಲದವರ ಹಾಗೆಯೇ ನೋಡ್ತಾರೆ. ಅವರಿಗೆ ದಾರಿ ಉಂಟು. ಎಂಥ ದಾರಿ ಅಂತ ನಮಗೆ ಹೇಳ್ಲಿಲ್ಲ.” ಅವರು ಹಗ್ಗದ ಗಂಟು ಬಿಗಿದರು. “ಜ್ಞಾನತಾಯಿ ಮಾತ್ರ ಕಥೋಲಿಕಳೇ ಆಗಬೇಕು. ಅದು ಖಡಾಖಂಡಿತ.”

ಮೋಕ್ಷದ ವಿಷಯ ತೆರೆದೇ ಇದೆ, ಭುಜದ ಮೇಲಿನ ಕೈಯ ವಿಷಯ ಖಡಾಖಂಡಿತ. ಇದನ್ನು ಹದಿಹರೆಯದ ಹುಡುಗಿಗೆ ನೀವೇ ಹೇಳಿ ನೋಡಿ.

ಮೂಡುಬಿದಿರೆಯಲ್ಲಿ ಕರುಣಾ ಟೀಚರ್ ಎಂದು ನನ್ನ ಗೆಳತಿ. ಹಳೆಯ ಮಿಶನ್ ಸಭೆಯ ಪ್ರೊಟೆಸ್ಟೆಂಟ್ ಮನೆತನ. ಅವರ ಮನೆಯ ಸೋಫಾಕ್ಕೆ ಕ್ರೋಶಾ ಹೊದಿಕೆ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹೊದಿಕೆ. “ನಮ್ಮಲ್ಲಿ ಈ ಜಗಳ ನನ್ನ ಅಜ್ಜನ ಕಾಲದ್ದು,” ಎಂದು ಅವರು ನಿಟ್ಟುಸಿರು ಬಿಟ್ಟರು. “ಎಲ್ಲರಿಗಾಗಿ ಸತ್ತದ್ದು, ನಂಬಿದವರಿಗೆ ಮಾತ್ರ ಅದರ ಬಿಡುಗಡೆ ಅಂತ ಒಂದು ಪಕ್ಷ. ದೇವರು ಆರಿಸಿಕೊಂಡವರಿಗಾಗಿ ಮಾತ್ರ ಸತ್ತದ್ದು ಅಂತ ಇನ್ನೊಂದು. ನಮ್ಮ ಅಜ್ಜನೂ ಅವರ ತಮ್ಮನೂ ಇದೇ ವಿಷಯಕ್ಕೆ ಮಾತು ಬಿಟ್ಟು, ಒಂದೇ ಬಾವಿಯಿಂದ ನೀರು ಸೇದಿದ್ರು. ಅಜ್ಜ ಬೆಳಿಗ್ಗೆ, ತಮ್ಮ ಸಂಜೆ.”

“ನೀವು ಯಾವ ಪಕ್ಷ?”

“ನಾನು ಬಾವಿಯ ಪಕ್ಷ ಮಾರಾಯ್ತಿ. ಚಾ ತಣಿಯುತ್ತದೆ, ಕುಡಿ.”

ಎರಡನೇ ಪಕ್ಷದವರು ನಮ್ಮ ಕುಟುಂಬದಲ್ಲಿಯೇ ಇದ್ದರು. ಯಜಮಾನರ ದೊಡ್ಡಪ್ಪನ ಮಗ ವಲೇರಿಯನ್ ಬಾವ ಇಗರ್ಜಿ ಬಿಟ್ಟು, ಬಿ.ಸಿ.ರೋಡಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಪ್ರಾರ್ಥನಾ ಹಾಲ್‌ನಲ್ಲಿ ಬೋಧನೆ ಮಾಡುತ್ತಿದ್ದರು. ಕಿಟಕಿಯಿಂದ ಕಂಡಕ್ಟರುಗಳ ಕೂಗು ಕೇಳುವ ಜಾಗ. ನಾನು ವಿಷಯ ಹೇಳಿದ್ದೇ ತಡ, ಅವರ ಕಣ್ಣು ಹೊಳೆಯಿತು.

“ನೀನೇ ಯೋಚಿಸು. ಯೇಸು ಒಬ್ಬನಿಗಾಗಿ ಸತ್ತರು, ಅವನು ನರಕಕ್ಕೆ ಹೋದ. ಹಾಗಾದ್ರೆ ಆ ಸಾವು ಸೋತಿತಾ? ದೇವರ ಕೆಲಸ ಸೋಲ್ತದಾ? ಸೋಲುದಿಲ್ಲ. ಕುರುಬ ತನ್ನ ಕುರಿಗಳಿಗಾಗಿ ಪ್ರಾಣ ಕೊಡ್ತಾನೆ, ಗುಡ್ಡೆಯಲ್ಲಿ ಕಂಡ ಆಡು, ದನ ಎಲ್ಲದಕ್ಕೂ ಅಲ್ಲ. ಯಾರಿಗಾಗಿ ಸತ್ತರೋ ಅವರು ಖಂಡಿತ ಉಳಿತಾರೆ. ಉಳಿಯದವರಿಗಾಗಿ ಸಾಯ್ಲೇ ಇಲ್ಲ.”

ನನಗೆ ಸಿಟ್ಟು ಬಂದದ್ದು ಅವರು ತಪ್ಪಾಗಿ ವಾದಿಸಿದ್ದಕ್ಕಲ್ಲ, ಸರಿಯಾಗಿ ವಾದಿಸಿದ್ದಕ್ಕೆ. ಆದರೆ ಐಸಮ್ಮನನ್ನು ಗುಡ್ಡೆಯ ಆಡು ಎಂದು ಒಪ್ಪಲು ನನ್ನ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಸ್ಟೆಲ್ಲಾ ಚಾ ತಂದಿಟ್ಟು, ಮೆಲ್ಲ ಕೇಳಿದರು, “ನಾನು ಆರಿಸಿದ ಕುರಿಯಾ ಅಲ್ವಾ?”

“ಅದು ದೇವರಿಗೆ ಗೊತ್ತು,” ಎಂದರು ಬಾವ.

“ಹಾಗಾದ್ರೆ ಚಾಕ್ಕೆ ಸಕ್ಕರೆ ಹಾಕಿದ್ದೇನಾ ಇಲ್ವಾ ಅನ್ನುದೂ ದೇವರಿಗೇ ಗೊತ್ತು.” ಸ್ಟೆಲ್ಲಾ ಒಳಗೆ ಹೋದರು. ಚಾಕ್ಕೆ ಸಕ್ಕರೆ ಹಾಕಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ತಲೆ ನೋಯುತ್ತಿತ್ತು. ಎಲ್ಲರೂ ಒಂದು ಉತ್ತರ ಕೊಟ್ಟರು, ಯಾರ ಉತ್ತರವೂ ಲವೀನಾಳ ಮನೆಯ ಅಂಗಳದವರೆಗೆ ಬರುವಂಥದ್ದಲ್ಲ. ಕೊನೆಗೆ ನಾನು ಯಾರನ್ನು ಮೊದಲೇ ಕೇಳಬೇಕಿತ್ತೋ ಅವರ ಮನೆಗೆ ಹೋದೆ. ಐಸಮ್ಮ ಜಗಲಿಯಲ್ಲಿ ಕೂತು ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದರು. ತಲೆಯ ಮೇಲೆ ದೊಡ್ಡ ಮಗ ದುಬೈಯಿಂದ ಕಳಿಸಿದ ಬಿಳಿ ಶಾಲು, ಅಂಚಿನಲ್ಲಿ ನಸು ಹಸಿರು ಹೂ. ಲವೀನಾ ಕಂಬಕ್ಕೆ ಒರಗಿ ಮುಖ ಊದಿಸಿ ಕೂತಿದ್ದಳು.

“ಬನ್ನಿ ಟೀಚರಮ್ಮ. ನನ್ನ ವಿಷಯದಲ್ಲಿ ಊರೆಲ್ಲ ತಿರುಗಿದ್ರಂತೆ. ನನ್ನನ್ನು ಒಬ್ಬರೂ ಕೇಳ್ಲಿಲ್ಲ.”

“ಕೇಳ್ಲಿಕ್ಕೇ ಬಂದದ್ದು ಐಸಮ್ಮ.”

“ನಾನೆಂಥ ಹೇಳುದು? ನಮ್ಮಲ್ಲಿ ಈಸಾ ನೆಬಿ, ನಿಮ್ಮ ಯೇಸು, ಶಿಲುಬೆಯಲ್ಲಿ ಸತ್ತದ್ದೇ ಇಲ್ಲ. ಅಲ್ಲಾಹು ಅವರನ್ನು ಮೇಲೆ ಎತ್ತಿಕೊಂಡದ್ದು. ಸಾಯದವರು ನನಗಾಗಿ ಸತ್ತರಾ ಅಂತ ಕೇಳಿದ್ರೆ ಹೌದು ಅನ್ಲಾ, ಅಲ್ಲ ಅನ್ಲಾ?” ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. “ನಿಮ್ಮ ಮನಸ್ಸಿಗೆ ಬೇಸರ ಮಾಡ್ಲಿಕ್ಕೆ ಹೇಳಿದ್ದಲ್ಲ. ನಿಮ್ಮದು ನಿಮಗೆ ದೊಡ್ಡದು.”

ಇದು ಯಾವ ಪಕ್ಷದವರೂ ಯೋಚಿಸದ ತೊಡಕು.

“ನೋಡಿ ಟೀಚರ್,” ಎಂದಳು ಲವೀನಾ, “ಉಮ್ಮ ನನ್ನ ಹಿಂದೆ ನಿಂತರೆ ಯಾರಿಗೆ ನಷ್ಟ?”

“ನನಗೆ ನಷ್ಟ!” ಐಸಮ್ಮ ಮೊರ ಕೆಳಗಿಟ್ಟರು. “ನಾನು ಅಲ್ಲಿ ಹೋಗಿ ಕೈ ಇಟ್ಟರೆ ನಮ್ಮವರು ಸುಮ್ಮನೆ ಬಿಡ್ತಾರಾ? ಈ ಒಂದು ವಿಷಯದಲ್ಲಿ ನಿಮ್ಮ ಸಿಸ್ಟರಿಗೂ ನಮ್ಮ ಮಸೀದಿಯ ಉಸ್ತಾದರಿಗೂ ಒಂದೇ ಮಾತು ಮೋಳೇ, ನನ್ನ ಮಗಳೇ. ನಿನ್ನ ಅಮ್ಮ ಬೀಡಿ ಕಟ್ಟಿ ಕಟ್ಟಿ ಆ ಬಿಳಿ ಬಟ್ಟೆ ತಂದದ್ದು. ಸುಮ್ಮನೆ ಹೋಗಿ ಎಣ್ಣೆ ಹಾಕಿಸ್ಕೊಂಡು ಬಾ. ನಾನು ಇಗರ್ಜಿಯ ಹೊರಗೆ ಜಗಲಿಯಲ್ಲಿ ಇರ್ತೇನೆ. ಜಗಲಿಯಲ್ಲಿ ನಿಲ್ಲಬಹುದಲ್ಲ ಟೀಚರಮ್ಮ? ಅದಕ್ಕೂ ನಿಮ್ಮಲ್ಲಿ ಕಾನೂನು ಉಂಟಾ?”

“ಇಲ್ಲ,” ಎಂದೆ. ಇಲ್ಲದ ಕಾನೂನೊಂದು ಸಿಕ್ಕಿ ನನಗೂ ಸಮಾಧಾನವಾಯಿತು.

ಲವೀನಾ ಗೇಟಿನವರೆಗೆ ನನ್ನ ಜೊತೆ ಬಂದಳು. “ನನ್ನ ಹಿಂದೆ ನೀವೇ ನಿಲ್ಲಿ ಟೀಚರ್. ಉಮ್ಮ ಹೇಳಿದ್ರು ಅಂತ ಬರ್ತೇನೆ. ನಿಮ್ಮ ಉತ್ತರ ಸಾಕಾಗಿ ಅಲ್ಲ.”

ಇಷ್ಟು ವರ್ಷಗಳಲ್ಲಿ ನನ್ನ ಪಾಠದ ಬಗ್ಗೆ ಸಿಕ್ಕಿದ ಸರಿಯಾದ ಅಭಿಪ್ರಾಯ ಅದೊಂದೇ.

ಮೇ ತಿಂಗಳ ಆ ಭಾನುವಾರ ಮಳೆ ಬೀಳದ ಬೇಗೆ. ಇಗರ್ಜಿಯ ಫ್ಯಾನುಗಳು ಬಿಸಿಗಾಳಿಯನ್ನೇ ಸುತ್ತಿಸುತ್ತಿದ್ದವು. ಪ್ರವಚನದಲ್ಲಿ ಬಿಷಪರು ಮಕ್ಕಳ ಹತ್ತಿರ ಇಳಿದು ಬಂದು ಪ್ರಶ್ನೆ ಕೇಳಿದರು. ಸಾವಿರ ಪ್ರಶ್ನೆಗಳಿದ್ದವು, ಅವರಿಗೆ ಅದೇ ಬೇಕಾಯಿತು. “ಯೇಸು ಯಾರಿಗಾಗಿ ಪ್ರಾಣ ಕೊಟ್ಟರು ಮಕ್ಕಳೇ?”

“ಎಲ್ಲ ಮನುಷ್ಯರಿಗಾಗಿ!”

ನಾನು ಲವೀನಾಳ ಹಿಂದೆಯೇ ಕೂತಿದ್ದೆ. ಅವಳ ದವಡೆ ಅಲುಗಲಿಲ್ಲ. ಬಿಷಪರು “ಭೇಷ್” ಎಂದು ಮುಂದೆ ಹೋದರು. ಅವಳು ಒಮ್ಮೆ ಬದಿಯ ಬಾಗಿಲ ಕಡೆ ತಿರುಗಿದಳು. ಅಲ್ಲಿ, ಹೊಸ್ತಿಲಿನ ಆಚೆ, ಚಪ್ಪಲಿಗಳ ಸಾಲಿನ ಪಕ್ಕದಲ್ಲಿ, ಬಿಳಿ ಶಾಲಿನ ಒಂದು ಅಂಚು ಕಾಣುತ್ತಿತ್ತು.

ತೈಲ ಹಚ್ಚುವಾಗ ನಾನು ಅವಳ ಭುಜದ ಮೇಲೆ ಕೈ ಇಟ್ಟೆ. ಲಂಗದ ಹೊಸ ಬಟ್ಟೆಯ ಗಂಜಿ ಕೈಗೆ ಚುಚ್ಚಿತು. ಆ ಬಿಷಪರ ಕೈ ಧಾರಾಳ. ಹೆಬ್ಬೆರಳು ತುಂಬ ಅದ್ದಿ ಹಚ್ಚಿದರು. ನಮ್ಮ ಆ ತೈಲಕ್ಕೆ ಸುಗಂಧದ ಮೇಣ ಬೆರೆಸಿರುತ್ತಾರೆ, ಪರಿಮಳ ತಲೆಗೆ ಏರುವಷ್ಟು. ಹಣೆಯ ಮೇಲೆ ಉಳಿದದ್ದನ್ನು ಹತ್ತಿಯಿಂದ ಒರೆಸಿ, ಆ ಹತ್ತಿಯನ್ನು ಆಮೇಲೆ ಸುಡಬೇಕು. ಪವಿತ್ರವಾದದ್ದು ಅಲ್ಲಿ ಇಲ್ಲಿ ಬೀಳಬಾರದು ಎಂದು. ಆ ಹತ್ತಿ ನಮ್ಮ ಸಿಸ್ಟರ್ ಕೈಯಲ್ಲಿ ಮಾತ್ರ ಇತ್ತು. ಒಬ್ಬೊಬ್ಬರೇ ಬದಿಯ ಬಾಗಿಲ ಹತ್ತಿರ ಸಾಲಾಗಿ ನಿಂತು ಅವರಿಂದ ಒರೆಸಿಕೊಳ್ಳಬೇಕು. ಸಾಲು ಹಾಲ್‌ನವರೆಗೆ ಬೆಳೆದಿತ್ತು. ಸಿಸ್ಟರ್ ಪ್ರತಿ ಹಣೆಯನ್ನೂ ಶಿಲುಬೆಯ ಆಕಾರದಲ್ಲಿ ನಿಧಾನವಾಗಿ ಒರೆಸುತ್ತಿದ್ದರು.

ಲವೀನಾ ಸಾಲಿನ ಕೊನೆಯ ಭಾಗದಲ್ಲಿ, ಜಗಲಿಯ ಬಿಸಿಲಲ್ಲಿ. ಬೆವರಿಗೆ ಎಣ್ಣೆ ಸಡಿಲವಾಗಿ ಹುಬ್ಬಿಗೆ ಇಳಿಯಿತು. “ಟೀಚರ್, ಕಣ್ಣು ಉರಿಯುತ್ತದೆ,” ಎಂದಳು.

“ಸ್ವಲ್ಪ ತಡಿ ಮಗ. ಕೈ ಹಾಕಬೇಡ. ಸಿಸ್ಟರ್ ಬರ್ತಾರೆ.”

ಸಿಸ್ಟರ್ ಬರುವ ಲಕ್ಷಣ ಇರಲಿಲ್ಲ. ಚಪ್ಪಲಿಗಳ ಪಕ್ಕದಿಂದ ಐಸಮ್ಮ ಎದ್ದು ಬಂದರು. “ಮಗುವಿನ ಕಣ್ಣಿಗೆ ಎಣ್ಣೆ ಹೋಗುದು ನೋಡಿಕೊಂಡು ಎಲ್ಲ ಸಾಲು ನಿಂತಿದ್ದಾರಲ್ಲ ಅಲ್ಲಾಹುವೇ!” ಎಂದು, ತಲೆಯ ಶಾಲಿನ ತುದಿ ಹಿಡಿದು, ಎಡಗೈಯಲ್ಲಿ ಅವಳ ಗಲ್ಲ ಎತ್ತಿ, ಹಣೆ, ಹುಬ್ಬು, ಕಣ್ಣಿನ ಮೂಲೆ ಎಲ್ಲ ಒರೆಸಿಬಿಟ್ಟರು. ಮೂಗನ್ನೂ ಒರೆಸಿದರು.

“ಅಯ್ಯೋ!” ಎಂದರು ಸಿಸ್ಟರ್. ಹತ್ತಿಯ ತಟ್ಟೆ ಹಿಡಿದು ಓಡಿ ಬಂದರು. “ಅದು ಪವಿತ್ರ ತೈಲ! ಆ ಬಟ್ಟೆ ಹಾಗೆ ಇಡ್ಲಿಕ್ಕಿಲ್ಲ. ಸುಡಬೇಕು.”

“ಸುಡುದಾ?” ಐಸಮ್ಮ ಶಾಲನ್ನು ಎದೆಗೆ ಒತ್ತಿಕೊಂಡರು. “ನನ್ನ ಮಗ ದುಬೈಯಿಂದ ಕಳಿಸಿದ್ದು. ನಿಮ್ಮ ಹತ್ತಿ ಬೇಕಾದಷ್ಟು ಸುಡಿ.”

ಗಲಾಟೆ ಕೇಳಿ ಫಾದರ್ ಬಂದರು. ಒಳಗೆ ಬಿಷಪರ ಊಟ ತಣಿಯುತ್ತಿತ್ತು. ಫಾದರ್ ಸಿಸ್ಟರನ್ನು ನೋಡಿದರು, ಶಾಲು ನೋಡಿದರು, ನನ್ನನ್ನು ನೋಡಿದರು. “ಸುಡುದೆಲ್ಲ ಬೇಡ. ಮನೆಯಲ್ಲಿ ಒಗೆದು ಆ ನೀರನ್ನು ಯಾವುದಾದರೂ ಗಿಡದ ಬುಡಕ್ಕೆ ಹಾಕ್ಲಿ. ತುಳಿಯುವಲ್ಲಿ ಬೇಡ.”

“ಒಗೆಯುದು ಯಾಕೆ ಫಾದರ್?” ಎಂದರು ಐಸಮ್ಮ, ಶಾಲಿನ ತುದಿಯನ್ನು ಮೂಸಿ. “ಒಳ್ಳೆ ಪರಿಮಳ ಉಂಟಲ್ಲ.”

ಲವೀನಾ ನಕ್ಕಳು. ಕೆಂಪಾಗಿದ್ದ ಆ ಒಂದು ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೂ ನಕ್ಕಳು. ನನ್ನನ್ನು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೂ ನಾನು ಪೋಲಿಯೊ ವಿಷಯ ಎತ್ತುತ್ತಿರಲಿಲ್ಲ.

ಆಮೇಲೂ ನಾನು ಬಹಳ ವರ್ಷ ಕಲಿಸಿದೆ. ಚಾರ್ಟು ಹೋಗಿ ಸಿ.ಡಿ. ಬಂತು. ಆ ಪ್ರಶ್ನೆ ಎಲ್ಲ ಪುಸ್ತಕದಲ್ಲೂ ಇತ್ತು, ಮಕ್ಕಳು ಈಗಲೂ ಒಟ್ಟಿಗೆ ಕೂಗುತ್ತಾರೆ. ಕೂಗದೆ ಕೂತ ಒಂದು ಬಾಯಿ ಎಲ್ಲಾದರೂ ಉಂಟಾ ಎಂದು ಸ್ವಲ್ಪ ನೋಡಿ, ಅಷ್ಟೇ ನನ್ನ ಬುದ್ಧಿಮಾತು. ವಲೇರಿಯನ್ ಬಾವನ ‘ಸೋತಿತಾ’ ಎಂಬ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರ ಇಲ್ಲ. ಆದರೆ ಆ ದಿನದ ಕೊನೆಯ ಮಾತು ಹೇಳಿಬಿಡುತ್ತೇನೆ.

ಎಲ್ಲ ಮುಗಿದು, ಸಿಸ್ಟರ್ ಹಿಂದಿನ ಅಂಗಳದಲ್ಲಿ ಹತ್ತಿಗೆ ಬೆಂಕಿ ಹಚ್ಚಿ, ಬೂದಿಯನ್ನು ಗುಂಡಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿ ಬಂದರು. ಒಂದು ಎಳೆಯೂ ಹೊರಗೆ ಉಳಿಯಲಿಲ್ಲ. ಕೈ ತೊಳೆದುಕೊಂಡು ನನ್ನನ್ನು ಕೇಳಿದರು, “ಆ ಹೆಂಗಸು ಎಲ್ಲಿ?”

“ಬಸ್ಸಿಗೆ ಹೋದ್ರು ಸಿಸ್ಟರ್.”

“ಶಾಲು?”

“ತಲೆ ಮೇಲೇ ಉಂಟು, ಎಣ್ಣೆ ಸಮೇತ.”

“ಯಾವ ಬಸ್ಸು?”

“ಮೂಡುಬಿದಿರೆಗೆ ಹೋಗುದು. ಮದುವೆ ಸೀಸನ್ ಅಲ್ವಾ.”

ಸಿಸ್ಟರ್ ರಸ್ತೆಯ ಕಡೆ ನೋಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿದರು. “ರಶ್ ಇತ್ತಾ?”

“ಕಾಲಿಡ್ಲಿಕ್ಕೆ ಜಾಗ ಇರ್ಲಿಲ್ಲ. ಎಲ್ಲ ಒಬ್ಬರ ಮೇಲೆ ಒಬ್ಬರು.”

“ದೇವರೇ,” ಎಂದರು ಸಿಸ್ಟರ್.